ಎ3 ಇಂಕ್‌ಜೆಟ್ಟಲ್ಲಿ 1:1 ಡ್ರಾಯಿಂಗ್, ನಾಲ್ಕು ವರ್ಷ ಬಳಸಿದ ಮೇಲೆ

ಈ ಎ3 ಇಂಕ್‌ಜೆಟ್ ತಗೊಂಡು ನಾಲ್ಕು ವರ್ಷ ಮೇಲಾಯ್ತು. ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ಇಲ್ಲಿ ಹೇಳೋದ್ರಲ್ಲಿ ಮುಕ್ಕಾಲು ಭಾಗ ಯಾವ ಪ್ರಿಂಟರ್‌ಗಾದ್ರೂ ಅನ್ವಯಿಸುತ್ತೆ. ಫೋಟೋ ಹೆಂಗ್ ಬರುತ್ತೆ ಅಂತ ಕೇಳ್ಬೇಡಿ, ಒಂದ್ಸಲಾನೂ ತೆಗೆದು ನೋಡಿಲ್ಲ. ನನಗೆ ಬೇಕಾಗಿದ್ದು ಇಷ್ಟೇ, ಕ್ಯಾಡಲ್ಲಿ (ಕಂಪ್ಯೂಟರಲ್ಲಿ ಡ್ರಾಯಿಂಗ್ ಎಳೆಯೋ ಸಾಫ್ಟ್‌ವೇರ್) 100 ಮಿಮೀ ಎಳೆದ ಗೆರೆ ಪೇಪರಲ್ಲೂ 100 ಮಿಮೀ ಇರ್ಬೇಕು. ಪ್ರಿಂಟನ್ನ ಪ್ಲೈವುಡ್ ಮೇಲೋ ಅಲ್ಯೂಮಿನಿಯಂ ಶೀಟ್ ಮೇಲೋ ಅಂಟಿಸ್ತೀನಿ, ಪೇಪರ್ ಮೇಲಿಂದಲೇ ಸೆಂಟರ್ ಪಂಚಲ್ಲಿ (ಚೂಪು ತುದಿಯ ಉಕ್ಕಿನ ಕಡ್ಡಿ) ತೂತಿನ ಜಾಗಕ್ಕೆ ಗುರುತು ಹೊಡೀತೀನಿ, ಡ್ರಿಲ್ ಮಾಡ್ತೀನಿ. ಒಂದು ಮಿಮೀ ಆಚೀಚೆ ಆದ್ರೆ ಸ್ಕ್ರೂ ಕೂರಲ್ಲ.

ಮೊದಲ ವಾರಾನೇ ಒಂದು ಶೀಟ್ ಹಾಳಾಯ್ತು. ಮೊದಲ ತೂತಿಂದ ಕೊನೆ ತೂತಿಗೆ 180 ಮಿಮೀ ಇರೋ ಪ್ಯಾನೆಲ್, ತೂತೆಲ್ಲ ಕೊರೆದು ಸ್ವಿಚ್ ಇಟ್ಟು ನೋಡಿದ್ರೆ ಒಂದೂ ಹೊಂದ್ತಿಲ್ಲ. ಸ್ಕೇಲ್ ಇಟ್ಟೆ, 174.6. ಪೇಪರ್ ಮೇಲೆ ಮಾತ್ರ ಡೈಮೆನ್ಶನ್ನು ದೊಡ್ಡದಾಗಿ 180 ಅಂತಾನೇ ಇದೆ! ಇರದೇ ಏನು, ಅದು ಬರೀ ಅಕ್ಷರ, ಹಾಳೆ ಕುಗ್ಗಿದ್ರೆ ಅಂಕಿ ಬದಲಾಗಲ್ವಲ್ಲ. ಆಗಿದ್ದೇನಂದ್ರೆ ನಾನು 210 ಬೈ 297ರ ಎ4 ಪಿಡಿಎಫ್ ಕೊಟ್ಟಿದ್ದೆ, ಪ್ರಿಂಟರ್‌ಗೆ ಅಂಚಿನ ತನಕ ಇಂಕ್ ಹಾಕೋಕಾಗಲ್ಲ ಸುತ್ತ ಒಂದಿಷ್ಟು ಜಾಗ ಬಿಡ್ಬೇಕು, ಅದಕ್ಕೆ ಪ್ರಿಂಟ್ ವಿಂಡೋದಲ್ಲಿದ್ದ 'ಫಿಟ್' ಇಡೀ ಪುಟನ ನೂರಕ್ಕೆ ತೊಂಬತ್ತೇಳಕ್ಕೆ ಇಳಿಸಿಬಿಟ್ಟಿತ್ತು. ಕಣ್ಣಿಗೆ ಗೊತ್ತಾಗೋಷ್ಟು ವ್ಯತ್ಯಾಸ ಅಲ್ಲ ನೋಡಿ, ಅದೇ ಎಡವಟ್ಟು. ಅರ್ಧಕ್ಕರ್ಧ ಕುಗ್ಗಿದ್ರೆ ಯಾರೂ ಡ್ರಿಲ್ ಎತ್ಕೊಳಲ್ಲ.

ಹಿಂಗೆ ಸೈಜು ಬದಲಾಗೋ ಜಾಗ ಒಂದಲ್ಲ, ಮೂರು ಅಂತ ತಿಳಿಯೋಕೆ ಇನ್ನೂ ಸ್ವಲ್ಪ ಪೇಪರ್ ಖರ್ಚಾಯ್ತು. ಮೊದಲನೇದು ಕ್ಯಾಡಿನ ಪ್ಲಾಟ್ ವಿಂಡೋ (ಅಂದ್ರೆ ಅದ್ರ ಪ್ರಿಂಟ್ ವಿಂಡೋ), ಅಲ್ಲಿ 'ಫಿಟ್ ಟು ಪೇಪರ್' ಟಿಕ್ ತೆಗೆದು 1:1 ಹಾಕ್ಬೇಕು. ಆಮೇಲೆ ಪಿಡಿಎಫ್ ರೀಡರ್, ಅಲ್ಲಿ 'ಆಕ್ಚುಯಲ್ ಸೈಜ್' ಇಲ್ಲಾ 100%. ಇವೆರಡೂ ಸರಿ ಇದ್ರೂ ಪ್ರಿಂಟರಿನ ಸ್ವಂತ ಸೆಟ್ಟಿಂಗ್ ಇರೋ ಡ್ರೈವರ್ ಪ್ರಾಪರ್ಟೀಸ್ ಒಳಗೆ ಇನ್ನೊಂದು ಸ್ಕೇಲಿಂಗ್ ಅಡಗಿ ಕೂತಿರುತ್ತೆ, ಅದ್ರ ಪಕ್ಕದಲ್ಲೇ ಇರೋ 'ಬಾರ್ಡರ್‌ಲೆಸ್' ಅನ್ನೋದಂತೂ ಅಂಚಲ್ಲಿ ಬಿಳಿ ಗೆರೆ ಉಳೀಬಾರ್ದು ಅಂತ ಚಿತ್ರನ ಸ್ವಲ್ಪ ದೊಡ್ಡದೇ ಮಾಡುತ್ತೆ. ಫೋನಿಂದ ಪ್ರಿಂಟ್ ಕೊಡೋದು ನಾನಂತೂ ಬಿಟ್ಟೆ, ನನ್ನ ಫೋನಿನ ಆ್ಯಪಲ್ಲಿ ಸೈಜಿನ ಆಯ್ಕೆನೇ ಇಲ್ಲ.

ಅದು ಬಿಟ್ರೆ ಡಿಎಕ್ಸ್‌ಎಫ್ ಫೈಲಿನ (ಒಂದು ಕ್ಯಾಡಿಂದ ಇನ್ನೊಂದಕ್ಕೆ ಡ್ರಾಯಿಂಗ್ ಸಾಗಿಸೋ ಫೈಲು) ಯೂನಿಟ್ ನೋಡ್ಕೊಳ್ಳಿ, ಇಂಚು ಮಿಮೀ ಅದಲು ಬದಲಾದ್ರೆ 25.4 ಪಟ್ಟು ವ್ಯತ್ಯಾಸ, ಅದು ಪರದೆ ಮೇಲೇ ಕಾಣುತ್ತೆ, ಭಯ ಇಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಪ್ರಿಂಟರ್ ತನ್ನ ಬುದ್ಧಿ ಬಿಡ್ಲಿಲ್ಲ. 200 ಮಿಮೀ ಚೌಕ ಎಳೆದು ಪ್ರಿಂಟ್ ಮಾಡ್ದೆ, ಸ್ಟೀಲ್ ಸ್ಕೇಲಿನ ತುದಿಯಿಂದಲ್ಲ 10ರ ಗೆರೆಯಿಂದ ಅಳೆದೆ (ತುದಿ ಸವೆದಿರುತ್ತೆ), ಎರಡು ಕಡೆನೂ ಗೆರೆಯ ಎಡ ಅಂಚಿಗೇ ಹಿಡಿದೆ, ಯಾಕಂದ್ರೆ ಗೆರೆಯ ದಪ್ಪಾನೇ ಅರ್ಧ ಮಿಮೀ ಮೋಸ ಮಾಡುತ್ತೆ. ಅಡ್ಡಡ್ಡ ಸರಿಯಾಗಿ 200. ಪೇಪರ್ ಒಳಗೆ ಹೋಗೋ ದಿಕ್ಕಲ್ಲಿ 199.2. ಇಂಕ್ ಹಾಕೋ ಹೆಡ್ ಅಡ್ಡಡ್ಡ ಓಡೋವಾಗ ಸಣ್ಣ ಗೆರೆಗಳಿರೋ ಪ್ಲಾಸ್ಟಿಕ್ ಪಟ್ಟಿ ಓದ್ಕೊಂಡು ಓಡುತ್ತೆ, ಅದು ತಪ್ಪೋದು ಕಮ್ಮಿ. ಪೇಪರ್ ಎಳೆಯೋದು ರಬ್ಬರ್ ರೋಲರ್, ಅದ್ರ ಸವೆತ, ಧೂಳು, ಪೇಪರಿನ ದಪ್ಪ ಎಲ್ಲ ಲೆಕ್ಕಕ್ಕೆ ಬರುತ್ತೆ. ಲೇಸರಲ್ಲಿ ಬೇರೆ ಥರ, ಬಿಸಿಗೆ ಪೇಪರಿನ ತೇವ ಆರಿ ಹಾಳೆನೇ ಚೂರು ಕುಗ್ಗುತ್ತೆ.

0.8 ಮಿಮೀ ತಾನೇ ಅಂತ ಸುಮ್ನಾದೆ. ಆಮೇಲೆ ಕುರ್ಚಿಯ ಹಿಂದಿನ ಕಾಲು ಬಂತು, 950 ಮಿಮೀ ಉದ್ದ, ಬಾಗಿರೋದು. ಮೂರು ಎ3 ಹಾಳೆ, ಉದ್ದ ಎಲ್ಲ ರೋಲರ್ ದಿಕ್ಕಲ್ಲೇ. ದೊಡ್ಡ ಡ್ರಾಯಿಂಗನ್ನ ಹಲವು ಹಾಳೆಗೆ ಹಂಚೋ ಅಡೋಬಿ ರೀಡರಿನ 'ಪೋಸ್ಟರ್'ನಲ್ಲಿ ಟೈಲ್ ಸ್ಕೇಲ್ 100%, ಓವರ್‌ಲ್ಯಾಪ್ (ಹಾಳೆ ಒಂದ್ರ ಮೇಲೊಂದು ಬರೋ ಭಾಗ) 15 ಮಿಮೀ, ಹಾಳೆ ಹೊಂದಿಸೋಕೆ ಗುರುತು ಹಾಕೋ ಕಟ್ ಮಾರ್ಕ್ ಆನ್ (ಈ ಆಯ್ಕೆ ನಿಜಕ್ಕೂ ಚೆನ್ನಾಗಿದೆ). ಕಿಟಕಿ ಗಾಜಿಗೆ ಒತ್ತಿ ಹಿಡಿದು ಬೆಳಕಲ್ಲಿ ಪ್ಲಸ್ ಗುರುತು ಒಂದ್ರ ಮೇಲೊಂದು ಕೂರಿಸಿ ಟೇಪ್ ಹಾಕ್ದೆ. ಎರಡೂ ಕಾಲು ಅದೇ ಪೇಪರಿಂದ ಕುಯ್ದಿದ್ದು, ಹಂಗಾಗಿ ಅವೆರಡೂ ಒಂದಕ್ಕೊಂದು ತದ್ರೂಪ, ಖುಷಿಯೋ ಖುಷಿ. ಸೀಟಿನ ಪಟ್ಟಿ ಮತ್ತೆ ಮುಂದಿನ ಕಾಲು ಮಾತ್ರ ಟೇಪಲ್ಲಿ ಅಳೆದು ಮಾಡಿದ್ದೆ. ಜೋಡಿಸೋವಾಗ ಸೀಟು ಹಿಂದಕ್ಕೆ ವಾಲ್ತು. ಹಿಂದಿನ ಕಾಲಿನ ಒಟ್ಟು ಉದ್ದದಲ್ಲಿ ಹೆಚ್ಚುಕಮ್ಮಿ 4 ಮಿಮೀ ಮಾಯ, ಸೀಟಿನ ಎತ್ತರಕ್ಕೆ ಬರೋಷ್ಟರಲ್ಲಿ 2.

ಆವತ್ತಿಂದ ಹೊಸ ಪೇಪರ್ ಕಟ್ಟು ಒಡೆದಾಗಲೆಲ್ಲ ಮೊದಲ ಹಾಳೆ ಚೌಕಕ್ಕೇ ಮೀಸಲು. ನನ್ನ ಮಗಳು "ಅಪ್ಪಾ, ಮತ್ತೆ ಅದೇ ಡಬ್ಬಾನಾ?" ಅಂತ ನಗ್ತಾಳೆ, ನಗ್ಲಿ. 200ನ್ನ 199.2ರಿಂದ ಭಾಗಿಸಿದ್ರೆ 1.004, ಆ ದಿಕ್ಕಿಗೆ ಮಾತ್ರ ಅಷ್ಟು ಹಿಗ್ಗಿಸಿ ಕೊಡ್ತೀನಿ. ಆಟೋಕ್ಯಾಡ್ ಇರೋರಿಗೆ ಇನ್ನೂ ಸುಲಭ, ಪ್ಲಾಟರ್ ಕಾನ್ಫಿಗರೇಶನ್ ಒಳಗೆ ಕ್ಯಾಲಿಬ್ರೇಶನ್ ಅಂತಾನೇ ಇದೆ, ಅದೇ ಒಂದು ಆಯತ ಪ್ರಿಂಟ್ ಮಾಡಿಸಿ ಅಳತೆ ಕೇಳುತ್ತೆ, ನಿಜವಾಗಿ ಬಂದ ಉದ್ದ ಅಗಲ ಬರೆದು ಸೇವ್ ಮಾಡಿದ್ರೆ ಮುಂದಿನ ಪ್ಲಾಟಿಗೆ ತಾನೇ ಸರಿ ಮಾಡ್ಕೊಳುತ್ತೆ. ಇಷ್ಟು ಒಳ್ಳೇದನ್ನ ಅಷ್ಟು ಆಳದಲ್ಲಿ ಯಾಕಿಟ್ರೋ. ದಪ್ಪ ಹಾಳೆ ಹಾಕಿದ್ರೆ ಸಂಖ್ಯೆ ಬದಲಾಗುತ್ತೆ, ಹಂಗಾಗಿ ಒಂದೊಂದು ಪೇಪರಿನ ಲೆಕ್ಕನೂ ಪ್ರಿಂಟರ್ ಮುಚ್ಚಳದ ಒಳಗೆ ಪೆನ್ಸಿಲಲ್ಲಿ ಬರೆದಿಟ್ಟಿದೀನಿ.

ಅಂಟಿಸೋಕೆ ಬಿಳಿ ಗಮ್ ಬೇಡ, ನೀರಿಗೆ ಹಾಳೆ ಹಿಗ್ಗುತ್ತೆ, ಅಷ್ಟೊತ್ತು ಲೆಕ್ಕ ಹಾಕಿದ್ದೆಲ್ಲ ವ್ಯರ್ಥ. ಗ್ಲೂ ಸ್ಟಿಕ್ ಸಾಕು, ಆಮೇಲೆ ಕೀಳೋಕೂ ಬರುತ್ತೆ.

ಪ್ರಿಂಟರಿಗೆ ಐದಕ್ಕೆ ನಾಲ್ಕು ಕೊಡ್ತೀನಿ. 199.2 ಬರೋದಕ್ಕೆ ಅಂಕ ಕಳೆದಿಲ್ಲ, ಸಾದಾ ಹಾಳೆಯಲ್ಲಿ ಪ್ರತಿ ಸಲ ಹತ್ತಿರ ಹತ್ತಿರ ಅಷ್ಟೇ ಬರುತ್ತಲ್ಲ, ಒಂದೇ ಥರ ತಪ್ಪು ಮಾಡೋ ಮಷಿನನ್ನ ಸಂಭಾಳಿಸ್ಬೋದು. ಕಳೆದಿದ್ದು ಟ್ರೇಗೆ. ಟ್ರೇ ಕೆಳಗಿದೆ, ಹಾಳೆ ಅರ್ಧ ಸುತ್ತು ಸುತ್ಕೊಂಡು ಮೇಲೆ ಬರ್ಬೇಕು, ದಪ್ಪಂದು ಹಾಕಿದ್ರೆ ಓರೆಯಾಗಿ ಹೋಗುತ್ತೆ, ಚೌಕದ ಮೂಲೆಯಿಂದ ಮೂಲೆಗೆ ಅಳೆದ್ರೆ ಒಂದು ಕಡೆ 282 ಇನ್ನೊಂದು ಕಡೆ 283, ಈ ಓರೆ ಮಾತ್ರ ಯಾವ ಗುಣಾಕಾರಕ್ಕೂ ಬಗ್ಗಲ್ಲ. ಮುಂದಿನದು ತಗೊಳೋವಾಗ ಹಿಂದಿನಿಂದ ನೇರವಾಗಿ ಹಾಳೆ ಹೋಗೋ ದಾರಿ ಇದೆಯಾ ಅಂತ ಮೊದಲು ನೋಡ್ತೀನಿ.