ಶಿವಸಂಚಾರದ ನಾಟಕ ಕರೆಸಬೇಕು ಅಂತಿದ್ದೀರಾ? ಧೈರ್ಯವಾಗಿ ಕರೆಸಿ

ಚಳ್ಳಕೆರೆ ಹತ್ತಿರದ ನಮ್ಮೂರಿನಲ್ಲಿ ಈ ಸಲ ಸಾಣೇಹಳ್ಳಿಯ ಶಿವಸಂಚಾರ ತಂಡದ ನಾಟಕ ಆಡಿಸಿದೆವು. ಕರೆಸೋಣವೋ ಬೇಡವೋ ಅಂತ ಯೋಚಿಸುತ್ತಿರುವ ಸಂಘದವರಿಗಾಗಿ ಬರೆಯುತ್ತಿದ್ದೇನೆ. ನಾಟಕ ಚೆನ್ನಾಗಿತ್ತು. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅವರ ವ್ಯವಸ್ಥೆ.

ಮಧ್ಯಾಹ್ನದ ಹೊತ್ತಿಗೆ ಹೈಸ್ಕೂಲ್ ಮೈದಾನಕ್ಕೆ ಗಾಡಿ ಬಂತು. ಆಳು ಬೇಕಾ ಅಂದರೆ ಬೇಡ ಅಂದರು. ಹುಡುಗರು ಹುಡುಗಿಯರು ಎಲ್ಲ ಸೇರಿ ಪೆಟ್ಟಿಗೆ ಇಳಿಸಿದರು, ಪರದೆ ಕಟ್ಟಿದರು, ಏಣಿ ಹತ್ತಿ ಲೈಟ್ ಬಿಗಿದರು. ಬೆವರು ಸುರಿಸಿಕೊಂಡು ಹಗ್ಗ ಜಗ್ಗುತ್ತಿದ್ದ ಹುಡುಗನೇ ರಾತ್ರಿ ರಾಜನಾಗಿ ಬಂದಾಗ ಮುಂದೆ ಕೂತಿದ್ದ ಮಕ್ಕಳು 'ಅದೇ ಅಣ್ಣ, ಅದೇ ಅಣ್ಣ' ಅಂತ ಕೂಗಿದ್ದೇ ಕೂಗಿದ್ದು. ನಾವು ಕೊಟ್ಟಿದ್ದು ವೇದಿಕೆ, ಕರೆಂಟು, ಊಟ, ಮಲಗಲು ಶಾಲೆಯ ಕೊಠಡಿ, ಇಷ್ಟೇ.

ಸಾಣೇಹಳ್ಳಿ ನಮ್ಮ ಜಿಲ್ಲೆಯದೇ, ಹೊಸದುರ್ಗ ತಾಲೂಕು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಈ ತಂಡ ಕಟ್ಟಿದರು. ವರ್ಷಕ್ಕೆ ಮೂರು ನಾಟಕ ಕಲಿತು, ನವೆಂಬರ್‌ನ ನಾಟಕೋತ್ಸವದಲ್ಲಿ ಆಡಿ, ಆಮೇಲೆ ಊರೂರು ಸುತ್ತುತ್ತಾರೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಹೀಗೇ ಊರೂರು ಸುತ್ತಿ ನಾಟಕ ಆಡುವ ತಿರುಗಾಟ ಶುರುಮಾಡಿತ್ತಲ್ವಾ, ಅದೇ ದಾರಿ. ದಾವಣಗೆರೆ ಕಡೆ ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿದ ಹಿರಿಯರಿಗೆ ಗೊತ್ತು, ಕಂಪನಿಗಳ ಹೊಟ್ಟೆಪಾಡು ನಿಂತಿದ್ದು ಗೇಟ್ ಕಲೆಕ್ಷನ್ ಮೇಲೆ, ಮಳೆ ಹೊಡೆದರೆ ಆ ದಿನ ಖಾಲಿ. ಇಲ್ಲಿ ಕಲಾವಿದರಿಗೆ ತಿರುಗಾಟ ಮುಗಿಯುವವರೆಗೆ ಊಟ, ವಸತಿ, ತಿಂಗಳ ಸಂಬಳ ಇರುತ್ತದೆ, ಹಾಗಾಗಿ ಹಳ್ಳಿಯ ಹುಡುಗಿಯೊಬ್ಬಳು ಮನೆಯಲ್ಲಿ 'ನಾಟಕಕ್ಕೆ ಹೋಗ್ತೀನಿ' ಅಂತ ಧೈರ್ಯವಾಗಿ ಹೇಳಬಹುದು. ಕಲೆಗೆ ಪ್ರೋತ್ಸಾಹ ಅಂದರೆ ನನ್ನ ಪ್ರಕಾರ ಇದು. ಸುಮ್ನೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವುದಲ್ಲ.

ನಮ್ಮಲ್ಲಿ ಕೆಟ್ಟಿದ್ದು ವೇದಿಕೆ ಕಾರ್ಯಕ್ರಮ. ಸ್ವಾಗತ, ಸನ್ಮಾನ, ಅತಿಥಿಗಳ ಭಾಷಣ ಅಂತ ಎಳೆದೂ ಎಳೆದೂ ರಾತ್ರಿ ಒಂಬತ್ತಾಯಿತು. ಬಣ್ಣ ಹಚ್ಚಿಕೊಂಡವರು ಪರದೆ ಹಿಂದೆ ಕಾದರು. ಸುತ್ತಲಿನ ಹಟ್ಟಿಗಳಿಂದ ಟ್ರ್ಯಾಕ್ಟರ್‌ನಲ್ಲಿ ಬಂದಿದ್ದ ಹೆಂಗಸರು ಕೊನೆಯ ದೃಶ್ಯ ನೋಡದೆ ಎದ್ದು ಹೋಗಬೇಕಾಯಿತು. ನನಗೆ ತುಂಬಾ ಹೊಟ್ಟೆ ಉರಿಯಿತು.

ಕರೆಸುವವರು ತಾರೀಖನ್ನು ನಾಟಕೋತ್ಸವಕ್ಕೆ ಮೊದಲೇ ಗಟ್ಟಿ ಮಾಡಿಕೊಳ್ಳಿ, ಖರ್ಚಿನ ವಿಷಯ ಫೋನಿನಲ್ಲೇ ಬಿಚ್ಚಿ ಮಾತಾಡಿ. ನಾವು ಮನೆಮನೆ ಚಂದಾ ಎತ್ತಿದೆವು, ಯಾರೂ ಮುಖ ಸಿಂಡರಿಸಲಿಲ್ಲ. ಮುಂದಿನ ಸಲ ಮೂರೂ ನಾಟಕ ಆಡಿಸೋಣ, ಭಾಷಣ ಹದಿನೈದೇ ನಿಮಿಷ ಇರಲಿ ಅಂತ ಸಂಘದಲ್ಲಿ ಮಾತಾಗಿದೆ.