ಗರ್ಭಿಣಿಯರ ಆಹಾರ ತರಗತಿ: ಪ್ರಶ್ನೆಗಳು ಮೆಚ್ಚುವಂತಿದ್ದವು, ಕರಪತ್ರವಲ್ಲ

ಹೆರಿಗೆಗೆ ಹೆಸರು ನೋಂದಾಯಿಸಿರುವ ಆಸ್ಪತ್ರೆಯವರು ಗರ್ಭಿಣಿಯರಿಗಾಗಿ ನಡೆಸುವ ಆಹಾರ ತಿಳಿವಳಿಕೆಯ ತರಗತಿಗೆ, ಐದನೆಯ ತಿಂಗಳಿನಲ್ಲಿ, ಹೆಚ್ಚಿನ ನಿರೀಕ್ಷೆಯೇನೂ ಇಲ್ಲದೆ ಹೋಗಿದ್ದೆ. ಸೊಪ್ಪು ತಿನ್ನಿ, ಹಾಲು ಕುಡಿಯಿರಿ ಎಂದು ಹೇಳಿಸಿಕೊಳ್ಳಲು ಎರಡು ಗಂಟೆ ಕೂರಬೇಕೇ ಎಂಬ ಅಸಡ್ಡೆಯೂ ಇತ್ತು. ಆದರೆ ಪೌಷ್ಟಿಕ ತಜ್ಞೆ ಪಾಠ ಆರಂಭಿಸುವ ಮೊದಲೇ ಹದಿನೈದು ಪ್ರಶ್ನೆಗಳ ಒಂದು ಹಾಳೆಯನ್ನು ಎಲ್ಲರಿಗೂ ಹಂಚಿ, ಹೆಸರು ಹಾಕದೆ ಉತ್ತರ ಬರೆಯುವಂತೆ ಹೇಳಿದರು. ಇಡೀ ತರಗತಿಯಲ್ಲಿ ನನಗೆ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಆ ಹಾಳೆಯೇ.

ಮೊದಲ ಐದಾರು ಪ್ರಶ್ನೆಗಳಿಗೆ ಎಲ್ಲರೂ ಸರಸರನೆ ಬರೆದೆವು. ಕಬ್ಬಿಣಾಂಶ ಯಾವುದರಲ್ಲಿದೆ, ಕ್ಯಾಲ್ಸಿಯಂ ಏಕೆ ಬೇಕು ಎಂಬುದೆಲ್ಲ ನಮಗೆ ಬಾಯಿಪಾಠವಾಗಿತ್ತು. 'ಯಾವುದು' ಎಂದು ಕೇಳುತ್ತಿದ್ದ ಪ್ರಶ್ನೆಗಳು 'ಎಷ್ಟು', 'ಯಾವಾಗ', 'ಯಾವುದರ ಜೊತೆ' ಎಂದು ಕೇಳತೊಡಗಿದಾಗ ಪೆನ್ನುಗಳು ನಿಂತವು. ಕಬ್ಬಿಣದ ಮಾತ್ರೆಯನ್ನು ಯಾವುದರೊಂದಿಗೆ ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ನಾನು ಹಾಲು ಎಂದು ಬರೆದೆ. ಚಹಾ ಎಂದು ಬರೆದಿದ್ದ ಪಕ್ಕದವರು ನನ್ನ ಹಾಳೆಯತ್ತ ಒಮ್ಮೆ ಕಣ್ಣು ಹಾಯಿಸಿ, ಅದನ್ನು ಹೊಡೆದುಹಾಕಿ, ತಾವೂ ಹಾಲು ಎಂದೇ ತಿದ್ದಿಕೊಂಡರು. ಎರಡೂ ತಪ್ಪು. ಚಹಾ ಮತ್ತು ಕಾಫಿಯಲ್ಲಿರುವ ಪಾಲಿಫಿನಾಲುಗಳೆಂಬ ಸಸ್ಯಜನ್ಯ ವಸ್ತುಗಳು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ, ಹಾಲಿನ ಕ್ಯಾಲ್ಸಿಯಂ ಕೂಡ ಅದಕ್ಕೆ ಅಡ್ಡಿಯಾಗುತ್ತದೆ. ನೀರಿನೊಂದಿಗೆ, ಅಥವಾ ಸಿ ಜೀವಸತ್ವವಿರುವ ನಿಂಬೆ, ಕಿತ್ತಳೆಯಂತಹ ಹಣ್ಣಿನ ರಸದೊಂದಿಗೆ ನುಂಗಿದರೆ ಹೀರಿಕೆ ಸುಗಮವಾಗುತ್ತದೆ, ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ದಿನದ ಬೇರೊಂದು ಹೊತ್ತಿಗೆ ಇಟ್ಟುಕೊಳ್ಳಬೇಕು ಎಂದು ತಜ್ಞೆ ಬಿಡಿಸಿ ಹೇಳಿದರು. ಎರಡು ತಿಂಗಳಿಂದ ಶ್ರದ್ಧೆಯಿಂದ ಹಾಲಿನೊಂದಿಗೆ ಮಾತ್ರೆ ನುಂಗುತ್ತಿದ್ದ ನನಗೆ ಅಲ್ಲಿ ಸ್ವಲ್ಪ ನಾಚಿಕೆಯೇ ಆಯಿತು.

ಇಬ್ಬರಿಗಾಗುವಷ್ಟು ಉಣ್ಣಬೇಕು ಎಂಬ ನಂಬಿಕೆ ತಪ್ಪೆಂದು ಅವರು ಮಾತಿಗಿಂತ ಹೆಚ್ಚಾಗಿ ಮೇಜಿನ ಮೇಲೆ ಇಟ್ಟು ತೋರಿಸಿದ್ದು ನನಗೆ ಬಹಳ ಹಿಡಿಸಿತು. ಮೊದಲ ಮೂರು ತಿಂಗಳಲ್ಲಿ ಹೆಚ್ಚುವರಿ ಆಹಾರದ ಅಗತ್ಯ ಇಲ್ಲವೆಂದೇ ಹೇಳಬಹುದು; ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 340, ಕೊನೆಯ ಮೂರು ತಿಂಗಳಲ್ಲಿ ಸುಮಾರು 450 ಕಿಲೋಕ್ಯಾಲೊರಿ ಹೆಚ್ಚುವರಿಯಾಗಿ ಸಾಕು. ಒಂದು ಲೋಟ ಹಾಲು, ಎರಡು ತುಂಡು ಬ್ರೆಡ್ ಮತ್ತು ಒಂದು ಬೇಯಿಸಿದ ಮೊಟ್ಟೆಯನ್ನು ಮುಂದಿಟ್ಟು, ನಡುವಿನ ತಿಂಗಳುಗಳಲ್ಲಿ ಬೇಕಾದ ಹೆಚ್ಚುವರಿ ಪಾಲು ಹೆಚ್ಚುಕಡಿಮೆ ಇಷ್ಟೇ ಎಂದಾಗ, ಹಿಂದಿನ ಸಾಲಿನಿಂದ 'ಇಷ್ಟೇನಾ?' ಎಂಬ ಉದ್ಗಾರ ಕೇಳಿಸಿತು. ಗರ್ಭ ಧರಿಸುವ ಮೊದಲು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ರಿಂದ 24.9ರ ನಡುವೆ ಇದ್ದವರು ಒಟ್ಟು 11.5ರಿಂದ 16 ಕಿಲೋ ತೂಕ ಹೆಚ್ಚಿಸಿಕೊಂಡರೆ ಸರಿ, ಅದಕ್ಕಿಂತ ದಪ್ಪಗಿದ್ದವರಿಗೆ ಈ ಮಿತಿ ಇನ್ನೂ ಕಡಿಮೆ ಎಂಬ ಮಾತೂ ಬಂತು.

ಇನ್ನು ಕುಂದುಗಳು. ಬಿ ಗುಂಪಿನ ಜೀವಸತ್ವವಾದ ಫೋಲಿಕ್ ಆಮ್ಲದ ಕುರಿತು ಅವರು ಹೇಳಿದ್ದೆಲ್ಲ ನಿಜ: ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಗರ್ಭಧಾರಣೆಯಾಗಿ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ, ಅದು ಸರಿಯಾಗಿ ಮುಚ್ಚಿಕೊಳ್ಳಲು ಈ ಜೀವಸತ್ವ ನೆರವಾಗುತ್ತದೆ, ಆದ್ದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲೇ ಆರಂಭಿಸುವುದು ಒಳ್ಳೆಯದು. ಇದನ್ನು ಐದು ತಿಂಗಳು ತುಂಬಿದವರನ್ನು ಕರೆಸಿ ಹೇಳಿದರೆ ಏನು ಬಂತು? ಮೊದಲ ತಪಾಸಣೆಯ ದಿನವೇ ಈ ತರಗತಿಗೆ ಕಳುಹಿಸಬಹುದಿತ್ತು, ಮಗುವಿನ ಯೋಜನೆಯಲ್ಲಿರುವವರಿಗೂ ಬಾಗಿಲು ತೆರೆಯಬಹುದಿತ್ತು.

ಆಹಾರ ಸುರಕ್ಷತೆಯ ಭಾಗವನ್ನಂತೂ ಹತ್ತು ನಿಮಿಷದಲ್ಲಿ ಓಡಿಸಿದರು. ಕಾಯಿಸದ, ಪಾಶ್ಚರೀಕರಿಸದ ಹಾಲಿನಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಇರಬಹುದೆಂದರು. ಶಾರ್ಕ್, ಕತ್ತಿಮೀನಿನಂತಹ ದೊಡ್ಡ ಬೇಟೆಮೀನುಗಳಲ್ಲಿ ಪಾದರಸ ಹೆಚ್ಚೆಂದರು. ಆದರೆ ಪಾದರಸ ಕಡಿಮೆಯಿರುವ ಮೀನನ್ನು ಚೆನ್ನಾಗಿ ಬೇಯಿಸಿ ತಿನ್ನುವುದು ಒಳ್ಳೆಯದೆಂಬುದನ್ನು ಹೇಳದ ಕಾರಣ, ಹೊರಬರುವಾಗ ಇಬ್ಬರು ಮೀನನ್ನೇ ಬಿಟ್ಟುಬಿಡುವ ಮಾತಾಡಿಕೊಳ್ಳುತ್ತಿದ್ದರು. ವಾಂತಿಯಿಂದ ಏನೂ ಒಳಗೆ ನಿಲ್ಲುತ್ತಿಲ್ಲ ಎಂದ ಒಬ್ಬಾಕೆಗೆ ವೈದ್ಯರನ್ನು ಕೇಳಿ ಎಂಬ ಒಂದೇ ಸಾಲಿನ ಉತ್ತರ ಸಿಕ್ಕಿತು. ಏನು ತಿನ್ನಬೇಕೆಂಬುದು ಆಕೆಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ತಿಂದದ್ದು ಉಳಿಯಬೇಕಲ್ಲ! ಸ್ವಲ್ಪ ಸ್ವಲ್ಪವಾಗಿ, ಹಲವು ಬಾರಿ ತಿನ್ನುವ ಸರಳ ಸಲಹೆಯನ್ನಾದರೂ ಜೊತೆಗೆ ಕೊಡಬಹುದಿತ್ತು.

ಕೊನೆಯಲ್ಲಿ ಕೊಟ್ಟ ಬಣ್ಣದ ಕರಪತ್ರದಲ್ಲಿ ಮತ್ತೆ ಹಣ್ಣು, ಹಾಲು, ಸೊಪ್ಪುಗಳ ಚಿತ್ರಗಳೇ ಇವೆ. ಮಾತ್ರೆಯ ಹೊತ್ತು, ಆಹಾರದ ಅಳತೆ, ಯಾವುದರ ಜೊತೆ ಯಾವುದು ಸಲ್ಲದು ಎಂಬ, ನಾವು ತಪ್ಪು ಬರೆದ ಒಂದು ವಿಷಯವೂ ಅದರಲ್ಲಿಲ್ಲ. ಹೋಗುವವರು ತಪ್ಪದೆ ಹೋಗಿ, ಆದರೆ ಕರೆ ಬರುವವರೆಗೆ ಕಾಯದೆ ಮೊದಲ ತಿಂಗಳುಗಳಲ್ಲೇ ಕೇಳಿಕೊಂಡು ಹೋಗಿ, ಜೊತೆಗೊಂದು ನೋಟ್‌ಬುಕ್ ಒಯ್ಯಿರಿ. ಪ್ರಶ್ನೆಯ ಹಾಳೆಗಳನ್ನು ಅವರು ಹಿಂದಕ್ಕೆ ಪಡೆಯುತ್ತಾರೆ. ನನ್ನದರ ನಕಲನ್ನು ಕೇಳಿದ್ದಕ್ಕೆ, ಮುಂದಿನ ತಂಡಕ್ಕೂ ಅವೇ ಪ್ರಶ್ನೆಗಳಿರುವುದರಿಂದ ಕೊಡಲಾಗದು ಎಂದರು.