ನಾಸ್ ಡಿಸ್ಕ್ ಪದೇ ಪದೇ ಹೋಗ್ತಿದ್ವು, ಖರೆ ಕಾರಣ ಹಿಡಿದಿದ್ದು ಬಾಗಲಕೋಟಿ ನವನಗರದ ಈ ರಿಪೇರಿ ಅಂಗಡಿ

ನಾಸ್ ಅಂದ್ರ ಭಾಳ ಡಿಸ್ಕ್ ಹಾಕಿ ನೆಟ್‌ವರ್ಕ್ ಮ್ಯಾಲೆ ಫೈಲ್ ಇಡೋ ಡಬ್ಬಿ, ಅದರಾಗ ಒಂದೂಕಾಲು ವರ್ಷದಾಗ ನಾಲ್ಕು ಡಿಸ್ಕ್ ಬದಲಿ ಮಾಡಿದ ಮ್ಯಾಲೆ ನಾನು ಈ ಅಂಗಡಿಗೆ ಬಂದಿದ್ದು. ಮೊದಲನೇ ಡಿಸ್ಕ್ ಹೋದಾಗಲೇ ಬಂದಿದ್ರ ರೊಕ್ಕನೂ ಉಳೀತಿತ್ತು, ನಿದ್ದಿನೂ ಉಳೀತಿತ್ತು.

ನಮ್ಮದು ಹಳೇ ಬಾಗಲಕೋಟ್ಯಾಗ ಫೋಟೋ ಸ್ಟುಡಿಯೋ, ಅಪ್ಪಾರ ಕಾಲದಿಂದ ಐತಿ. ಮದುವಿ, ಸೀಮಂತ, ಜಾತ್ರಿ, ವರ್ಷಾ ವರ್ಷಾ ಹೋಳಿ ಹುಣ್ಣಿಮಿ ಬಣ್ಣದ ಬಂಡಿ, ಹಲಗಿ ಮೇಳ, ಎಲ್ಲಾ ಸೇರಿ 7 ಟಿಬಿ ಮ್ಯಾಲೆ ಆಗೇತಿ. ಅದರಾಗ ನಂಗ ಎಲ್ಲಾಕ್ಕಿಂತ ದೊಡ್ಡದು ಅಂದ್ರ ಆಲಮಟ್ಟಿ ಹಿನ್ನೀರು ಬರೋಕಿಂತ ಮೊದಲು ಅಪ್ಪಾರು ತಗದಿದ್ದ ಓಣಿಗಳ ಫೋಟೋ. ನೆಗೆಟಿವ್‌ಗೆ ಬೂಷ್ಟು ಹಿಡಿಯಾಕತ್ತಿತ್ತು ಅಂತ ಎರಡು ವರ್ಷ ಕುಂತು ಒಂದೊಂದೇ ಸ್ಕ್ಯಾನ್ ಮಾಡಿದ್ದೆ. ಆ ಓಣಿ ಈಗ ನೀರಾಗ ಅದಾವ, ನೆಗೆಟಿವ್ ಹಾಳಾಗ್ಯಾವ, ಸ್ಕ್ಯಾನ್ ಅಷ್ಟೇ ಉಳದೈತಿ.

ಇದನ್ನೆಲ್ಲಾ ಇಡಾಕ 2021ರಾಗ ನಾಲ್ಕು ಬೇ, ಅಂದ್ರ ಡಿಸ್ಕ್ ಕೂಡ್ರಿಸೋ ಖಾನೆ, ಇರೋ ನಾಸ್ ತಗೊಂಡು ನಾಲ್ಕು 4 ಟಿಬಿ ಡಿಸ್ಕ್ ಹಾಕಿ ಡೇಟಾ ಎಲ್ಲಾ ಡಿಸ್ಕ್‌ಗೂ ಹಂಚಿ ಇಡೋ ರೇಡ್ 5 ಮಾಡಿದ್ದೆ. ಒಂದು ಡಿಸ್ಕ್ ಹೋದ್ರೂ ಡೇಟಾ ಉಳೀತೈತಿ ಅನ್ನೋದು ಲೆಕ್ಕ. ಎರಡು ವರ್ಷ ಏನೂ ತ್ರಾಸ ಇರಲಿಲ್ಲ. 2023ರ ಮೇದಾಗ ಮೂರನೇ ಬೇ ಕೆಂಪು ದೀಪ ಹತ್ತಿತು, ಪೀಂ ಪೀಂ ಅಂತ ಒದರಾಕ ಶುರು ಮಾಡ್ತು, ಡಿಸ್ಕ್ ಫೇಲ್ ಅಂತ ಬಂತು. ವಾರಂಟಿ ಒಳಗ ಬದಲಿ ಕೊಟ್ರು. ನಾಲ್ಕೈದು ತಿಂಗಳಿಗೆ ಮತ್ತ ಮೂರನೇದೇ. ಆಮ್ಯಾಲೆ ಎರಡನೇದು, ಹೊಳ್ಳಿ ಮೂರನೇದು. ತೋರಿಸಿದ ಕಡೆಯೆಲ್ಲಾ ಒಂದೇ ಮಾತು, ಡಿಸ್ಕ್ ಹೋಗೇತಿ ಹೊಸಾದು ಹಾಕ್ರಿ, ಆದರ ಒಂದೇ ಡಬ್ಬಿಯಾಗ ಇಷ್ಟು ಡಿಸ್ಕ್ ಯಾಕ ಹೋಗ್ತಾವ ಅಂತ ಯಾರೂ ಕೇಳಲಿಲ್ಲ.

2024ರ ಆಗಸ್ಟ್‌ದಾಗ ಮೂರನೇ ಬೇಕ್ಕ ಹೊಸ ಡಿಸ್ಕ್ ಹಾಕಿ ರೀಬಿಲ್ಡ್, ಅಂದ್ರ ಉಳದ ಡಿಸ್ಕ್‌ಗಳಿಂದ ಹೊಸದಕ್ಕ ಡೇಟಾ ತುಂಬೋ ಕೆಲಸ, ಹಚ್ಚಿದ್ದೆ, ಅರ್ಧಕ್ಕ ಬಂದಿತ್ತು, ಕರೆಂಟ್ ಹೋಗಿ ಬಂತು, ಇನ್ವರ್ಟರ್ ಇದ್ರೂ ನಾಸ್ ರೀಸ್ಟಾರ್ಟ್ ಆತು, ಎದ್ದಾಗ ಎರಡನೇ ಡಿಸ್ಕ್‌ನೂ ಇಲ್ಲ, ವಾಲ್ಯೂಮ್ ಕ್ರ್ಯಾಶ್ ಅಂತ ಬಂತು. ಆ ಅಕ್ಷರ ನೋಡಿ ಕೈಕಾಲು ತಣ್ಣಗಾದ್ವು. ಒಬ್ರು ಫೋನಿನಾಗ ಹೊಸದಾಗಿ ಇನಿಶಿಯಲೈಸ್ ಮಾಡ್ರಿ ಸರಿ ಹೋಗ್ತೈತಿ ಅಂದ್ರು, ದೊಡ್ಡ ಊರಾಗಿನ ರಿಕವರಿಯವರು 65 ಸಾವಿರ ಹೇಳಿದ್ರು. ನಮ್ಮ ಅಳಿಯ ಈ ಅಂಗಡಿ ಹೆಸರು ಹೇಳದೇ ಇದ್ದಿದ್ರ ಆ ಇನಿಶಿಯಲೈಸ್ ಬಟನ್ ಒತ್ತಿಬಿಡ್ತಿದ್ನೋ ಏನೋ. ಅದನ್ನ ಮಾತ್ರ ಯಾರೂ ಒತ್ತಬ್ಯಾಡ್ರಿ, ಇದ್ದ ಡೇಟಾ ಅಳಿಸಿ ಹೋಗ್ತೈತಿ.

ಅಂಗಡಿ ಸಣ್ಣದು, ಒಳಗ ಕಾಲಿಡಾಕೂ ಜಾಗ ಇಲ್ಲ, ನಡುವ ಅಂಗಡಿ ನಡಸೋ ಕಾಕಾ ಕುಂತಿರ್ತಾರ. ಡಬ್ಬಿ ಮುಟ್ಟೋಕಿಂತ ಮೊದಲೇ ಅವರು ಕೇಳಿದ್ದು, "ತಮ್ಮಾ, ಪ್ರತಿ ಸಲ ಹೋಗಿದ್ದು ಯಾವ ಬೇ?" ಮೂರನೇದು ಭಾಳ ಸಲ, ಎರಡನೇದು ಎರಡು ಸಲ ಅಂದೆ. "ಅಡಾಪ್ಟರ್ ತಂದೀಯೇನು?" ಇಲ್ಲ ಅಂದೆ. "ಅದನ್ನ ತಗೊಂಬಾ. ಮನ್ಯಾಗ ಇನ್ವರ್ಟರ್ ಐತೇನು? ಅದರ ಹಿಂದಿನ ಭಾಗ ಫೋಟೋ ಹೊಡಕೊಂಡು ಬಾ." ಹೊಳ್ಳಿ ಊರಿಗೆ ಹೋಗಿ ತಂದೆ.

ಡಿಸ್ಕ್ ತಗಿಯೋ ಮುಂಚೆ ಒಂದೊಂದಕ್ಕೂ ಬಿಳಿ ಟೇಪ್ ಹಚ್ಚಿ 1, 2, 3, 4 ಅಂತ ಮಾರ್ಕರ್‌ನಿಂದ ಬರದ್ರು, ಕ್ರಮ ತಪ್ಪಬಾರದು ಅಂತ. ನಾನು ಸತ್ತಾವ ಅಂತ ಕಪಾಟಿನಾಗ ಒಗದಿದ್ದ ಹಳೇ ಡಿಸ್ಕ್ ಎರಡನ್ನೂ ತರಸಿದ್ರು. ಎಲ್ಲಾ ತಮ್ಮ ಕಂಪ್ಯೂಟರ್‌ಗೆ ಹಚ್ಚಿ ಸ್ಮಾರ್ಟ್ ರಿಪೋರ್ಟ್, ಅಂದ್ರ ಡಿಸ್ಕ್ ತಾನೇ ಬರದಿಡೋ ತನ್ನ ಆರೋಗ್ಯದ ಲೆಕ್ಕ, ತಗದು ನನ್ನ ಕಡೆ ಸ್ಕ್ರೀನ್ ತಿರುವಿ ಒಂದೊಂದು ಸಾಲು ಬೆರಳು ಇಟ್ಟು ತೋರಿಸಿದ್ರು. ನಂಬರ್ 5, 197, 198 ಈ ಮೂರು ಏರಿದ್ರ ಡಿಸ್ಕಿನ ಮೈಯಾಗೇ ರೋಗ, ಅಂದ್ರ ಡೇಟಾ ಬರಿಯೋ ಸಣ್ಣ ಸಣ್ಣ ಜಾಗ, ಸೆಕ್ಟರ್, ಕೆಡಾಕತ್ತ್ಯಾವ. ನಂಬರ್ 199 ಏರಿದ್ರ ಡಿಸ್ಕ್‌ದಿಂದ ಬೋರ್ಡ್‌ಗೆ ಹೋಗೋ ದಾರಿಯಾಗ ತಪ್ಪು, ಅಂದ್ರ ಕೇಬಲ್ಲು, ಕನೆಕ್ಟರ್ರು, ಪವರ್ರು. ನಂಬರ್ 192 ಅಂದ್ರ ಕರೆಂಟ್ ಒಮ್ಮಿಂದೊಮ್ಮೆ ಕಡದು ಡಿಸ್ಕ್ ಓದೋ ಹೆಡ್ ಗಡಿಬಿಡಿಯಿಂದ ಜಾಗಕ್ಕ ಓಡಿ ಬಂದ ಲೆಕ್ಕ. ನನ್ನ ಕಪಾಟಿನ ಎರಡೂ ಡಿಸ್ಕ್‌ದಾಗ 5, 197, 198 ಮೂರೂ ಸೊನ್ನೆ! 199 ನೂರಾರು, 192 ಮುನ್ನೂರರ ಮ್ಯಾಲೆ. ನಾನು ಆ ನಾಸ್ ಆಫ್ ಮಾಡಿದ್ದೇ ಇಪ್ಪತ್ತು ಸಲ ಇರಬಹುದು. ಆದರೂ ಇಷ್ಟಕ್ಕೇ ಅವರು ಸುಮ್ಮನಾಗಲಿಲ್ಲ, ರಾತ್ರಿಯಿಡೀ ಫುಲ್ ಟೆಸ್ಟ್ ಹಚ್ಚಿದ್ರು, ಎರಡೂ ಪಾಸ್ ಆದ್ವು. ಡಬ್ಬಿ ಒಳಗಿದ್ದ ನಾಲ್ಕರಾಗ ಒಂದಕ್ಕ ಮಾತ್ರ 197ರಾಗ ಲೆಕ್ಕ ಇತ್ತು, ಅದು ಖರೇನೇ ಹೋಗಾಕ ಬಂದಿತ್ತು.

ಆಮ್ಯಾಲೆ ಅಡಾಪ್ಟರ್. ಹಿಂದ 12 ವೋಲ್ಟ್, 100 ವ್ಯಾಟ್ ಚಿಲ್ಲರೆ ಅಂತ ಬರದಿತ್ತು. ಬರೇ ಮೀಟರ್ ಹಿಡಿದ್ರ 12.1 ತೋರಸ್ತು, ನಾನು ಸರಿ ಐತಲ್ಲ ಕಾಕಾ ಅಂದೆ. ಅವರು ಡ್ರಾವರ್‌ದಿಂದ ಕಾರಿನ ಹೆಡ್‌ಲೈಟ್ ಬಲ್ಬ್ ಒಂದು ತಗದ್ರು, 55 ವ್ಯಾಟಿಂದು, ವೈರ್ ಬೆಸುಗಿ ಹಾಕಿ ಇಟ್ಟಿದ್ರು, ಅದನ್ನ ಅಡಾಪ್ಟರ್‌ಗೆ ಹಚ್ಚಿದ್ರು. ಬಲ್ಬ್ ಹತ್ತಿತು, ಮೀಟರ್ 12.1ರಿಂದ ಇಳಕೋತ ಇಳಕೋತ 10.8ಕ್ಕ ಬಂದು ನಿಂತು ನಡುಗಾಕತ್ತಿತು. ಅರ್ಧ ಭಾರಕ್ಕ ಹಿಂಗ. ಡಿಸ್ಕ್‌ಗೆ 12 ವೋಲ್ಟ್ ಅಂದ್ರ ನೂರಕ್ಕ ಐದರಷ್ಟು ಏರುಪೇರು ತಡಕೋತಾವ, 11.4ಕ್ಕಿಂತ ಕೆಳಗ ಹೋದ್ರ ಭರವಸೆ ಇಲ್ಲ. ಒಂದು 3.5 ಇಂಚಿನ ಡಿಸ್ಕ್ ತಿರುಗಾಕ ಶುರು ಆಗುವಾಗ ಸುಮಾರು 2 ಆಂಪಿಯರ್ ಎಳಿತೈತಿ, ನಾಲ್ಕೂ ಒಮ್ಮೆಲೆ ಎದ್ರ 8. ತಿರುಗಿದ ಮ್ಯಾಲೆ ಭಾಳ ಬ್ಯಾಡ, ಅದಕ್ಕ ದಿನಾ ಚಲೋ ಇದ್ದಂಗ ಕಾಣಸ್ತೈತಿ, ರೀಬಿಲ್ಡ್‌ದಾಗ, ರೀಸ್ಟಾರ್ಟ್‌ದಾಗ ಮುಗ್ಗರಸ್ತೈತಿ. ಮುಗ್ಗರಿಸಿದಾಗ ಒಂದು ಡಿಸ್ಕ್ ಒಂದು ಗಳಿಗಿ ಉತ್ತರ ಕೊಡೋದಿಲ್ಲ, ನಾಸ್ ಅದನ್ನ ಸತ್ತೈತಿ ಅಂತ ಹೊರಗ ಹಾಕ್ತೈತಿ. ಮೊದಲು ಬೀಳೋದು ಮೂರನೇದೇ ಯಾಕಂದ್ರ ಆ ಬೇ ಕನೆಕ್ಟರ್ ಪಿನ್ ಕಪ್ಪಾಗಿದ್ವು, ಟಾರ್ಚ್ ಬಿಟ್ಟು ತೋರಿಸಿದ್ರು, ಉಳದ ಮೂರು ಬೇ ಪಿನ್ ಹೊಳಿತಿದ್ವು. ಅಡಾಪ್ಟರ್ ಬಿಚ್ಚಿದ್ರ ವೋಲ್ಟೇಜ್ ಹದ ಮಾಡೋ ಕೆಪಾಸಿಟರ್ ಎರಡು ಹೊಟ್ಟಿ ಉಬ್ಬಿಸಿಕೊಂಡು ಕುಂತಿದ್ವು. ನಾನು ಅದನ್ನ ಇಷ್ಟು ವರ್ಷ ಇನ್ವರ್ಟರ್ ಹತ್ರ ಗಾಳಿ ಆಡದ ಮೂಲ್ಯಾಗ ಇಟ್ಟಿದ್ದೆ, ಬ್ಯಾಸಗಿಯಾಗ ನಮ್ಮ ಕಡೆ ಹೊರಗೇ 40 ದಾಟತೈತಿ. ಪ್ರತಿ 10 ಡಿಗ್ರಿ ಶಾಖ ಏರಿದ್ರ ಆ ಕೆಪಾಸಿಟರ್ ಆಯುಷ್ಯ ಅರ್ಧ ಆಗತೈತಂತ.

ಇನ್ವರ್ಟರ್ ಫೋಟೋ ನೋಡಿ ಹಿಂದಿನ ಸಣ್ಣ ಸ್ವಿಚ್ ಮ್ಯಾಲೆ ಬೆರಳು ಇಟ್ರು. ಒಂದು ಕಡೆ ಇಕೋ, ಒಂದು ಕಡೆ ಯುಪಿಎಸ್, ನಮ್ಮದು ಇಕೋ ಕಡೆ ಇತ್ತು. ಇಕೋದಾಗ ವೋಲ್ಟೇಜ್ ಭಾಳ ಕೆಳಗ ಇಳಿದ್ರೂ ಹಂಗೇ ಒಳಗ ಬಿಡ್ತೈತಿ, ಬ್ಯಾಟರಿಗೆ ಬದಲಾಗಾಕೂ ಹೊತ್ತು ಹಿಡೀತೈತಿ, ಫ್ಯಾನು ಲೈಟಿಗೆ ನಡೀತೈತಿ, ನಾಸ್‌ಗೆ ನಡಿಯೋದಿಲ್ಲ. ಯುಪಿಎಸ್ ಕಡೆ ಹಾಕಿದ್ರ ಸುಮಾರು 180 ವೋಲ್ಟ್‌ಗೇ ಬ್ಯಾಟರಿಗೆ ಹೋಗ್ತೈತಿ, ಲಗೂನೂ ಹೋಗ್ತೈತಿ. 192 ಮುನ್ನೂರು ದಾಟಿದ್ದು ಹೆಂಗ ಅಂತ ಆಗ ತಿಳೀತು. ರೊಕ್ಕ ಇಲ್ಲದ ರಿಪೇರಿ ಇದು, ಮೂರು ವರ್ಷ ಯಾರೂ ಹೇಳಿರಲಿಲ್ಲ.

ಇನ್ನೊಂದು ತಪ್ಪು ನಂದು. ಕಡಿಗೆ ಹಾಕಿದ ಡಿಸ್ಕ್ ಅವಸರಕ್ಕ ಸಿಕ್ಕಿದ್ದು, ಡೆಸ್ಕ್‌ಟಾಪಿಂದು. ನಾಸ್ ಡಿಸ್ಕ್ ಒಂದು ಸೆಕ್ಟರ್ ಓದಾಕ ಬರದಿದ್ರ ಸುಮಾರು 7 ಸೆಕೆಂಡಿಗೆ ಆಗವಲ್ದು ಅಂತ ಒಪ್ಪಿಕೊಂಡು ರೇಡ್‌ಗೆ ಬಿಡ್ತೈತಿ, ಡೆಸ್ಕ್‌ಟಾಪ್ ಡಿಸ್ಕ್ ಅದಕ್ಕಿಂತ ಭಾಳ ಹೊತ್ತು ಹಟ ಹಿಡೀತೈತಿ, ಅಷ್ಟರಾಗ ನಾಸ್ ಅದನ್ನೂ ಸತ್ತಿದ್ದು ಅಂತ ತಗದು ಒಗೀತೈತಿ. ಮ್ಯಾಲಿಂದ ಅದು ಎಸ್‌ಎಂಆರ್, ಹಂಚು ಹೊದಿಸಿದಂಗ ಟ್ರ್ಯಾಕ್ ಒಂದರ ಮ್ಯಾಲೆ ಒಂದು ಏರಿರ್ತಾವ, ಒಂದು ಹಂಚು ಬದಲಿ ಮಾಡಾಕ ಪಕ್ಕದ್ದೂ ಎತ್ತಬೇಕು, ರೀಬಿಲ್ಡ್‌ದಾಗ ಉಸಿರು ಕಟ್ಟತೈತಿ. ಮಾಡೆಲ್ ನಂಬರ್ ನೋಡಿ ಸಿಎಂಆರ್, ಅಂದ್ರ ಟ್ರ್ಯಾಕ್ ಹಂಗ ಒಂದರ ಮ್ಯಾಲೆ ಒಂದು ಏರದೇ ಇರೋದೇ ತಗೋ ಅಂದ್ರು.

ಡೇಟಾ ಹೆಂಗ ತಗದ್ರು ಅಂದ್ರ, ಮೂಲ ಡಿಸ್ಕ್ ಮ್ಯಾಲೆ ಏನೂ ಮಾಡಲಿಲ್ಲ, ಮೊದಲು ಪ್ರತಿ ಡಿಸ್ಕ್ ನಕಲು ಡಿಡಿರೆಸ್ಕ್ಯೂ ಅನ್ನೋ ಸಾಫ್ಟ್‌ವೇರ್‌ದಾಗ ತಗದು, ನಕಲಿನ ಮ್ಯಾಲೆ ಲಿನಕ್ಸ್‌ದಾಗ ರೇಡ್ ಕೂಡಿಸಿದ್ರು. ನಾಸ್ ಒಳಗ ಲಿನಕ್ಸ್‌ನ ಮಾಮೂಲಿ ರೇಡೇ ಇದ್ದಿದ್ದಕ್ಕ ಇದು ಆತು. ಆರನೇ ದಿನ ಫೋನ್ ಬಂತು, ಬಾ ಅಂತ. ಹೋದ್ರ ಸ್ಕ್ರೀನ್ ಮ್ಯಾಲೆ ಅಪ್ಪಾರು ತಗದ ಫೋಟೋ, ನಮ್ಮ ಹಳೇ ಓಣಿ, ಕಟ್ಟಿ ಮ್ಯಾಲೆ ಕುಂತ ನಮ್ಮ ಆಯಿ. ಕಾಕಾನೂ ಸುಮ್ಮನೆ ನೋಡ್ತಿದ್ರು, ಅವರ ಮನಿನೂ ಆ ಕಡೆಗೇ ಇತ್ತಂತ. ನಂಗ ಮಾತು ಬರಲಿಲ್ಲ.

ಒಟ್ಟು ಬಿಲ್ 11,500, ಹೊಸ ಅಡಾಪ್ಟರ್, ಬೇ ಕ್ಲೀನಿಂಗ್, ರಿಕವರಿ ಸೇರಿ, ಬೇಕಾದ ಡಿಸ್ಕ್ ಬ್ಯಾರೆ. ಚಲೋದ ಜೊತಿಗೆ ಕೊರತಿನೂ ಹೇಳಬೇಕು, ಫೋನ್ ಎತ್ತೋದಿಲ್ಲ, ಒಂಬತ್ತು ದಿನ ಹಿಡೀತು, ನಡುವ ಎಲ್ಲಿಗೆ ಬಂತು ಅಂತ ತಾವಾಗಿ ತಿಳಸೋದಿಲ್ಲ, ಡೇಟಾ ಕಳಕೊಂಡವರಿಗೆ ಆ ದಿನ ಭಾಳ ಉದ್ದ ಇರ್ತಾವ, ದಿನಕ್ಕೊಂದು ಮೆಸೇಜ್ ಹಾಕಿದ್ರ ಸಾಕಿತ್ತು. ಅದಕ್ಕ ಒಂದು ಸ್ಟಾರ್ ಕಡಿಮಿ, ಕೆಲಸಕ್ಕಲ್ಲ.

ಈಗ ಹತ್ತು ತಿಂಗಳಾತು. ಈ ಮೇನೂ ದಾಟೇತಿ, ಡಿಸ್ಕ್ 41 ಡಿಗ್ರಿ ಮ್ಯಾಲೆ ಹೋಗಿಲ್ಲ, 199 ಒಂದೂ ಏರಿಲ್ಲ, ನಾನು ತಿಂಗಳಿಗೊಮ್ಮೆ ಬರದಿಡ್ತೀನಿ. ಸತ್ತಾವ ಅಂದಿದ್ದ ಆ ಎರಡು ಡಿಸ್ಕ್‌ದಾಗ ಒಂದು ಈಗ ಹೊರಗಿನ ಡಬ್ಬಿಯಾಗ ಅಪ್ಪಾರ ಸ್ಕ್ಯಾನ್ ಎಲ್ಲಾ ಹೊತಗೊಂಡು ಇಳಕಲ್‌ದಾಗ ಅಕ್ಕನ ಮನಿ ತಿಜೋರಿಯಾಗ ಐತಿ, ರೇಡ್ ಇದ್ರ ಬ್ಯಾಕಪ್ ಇದ್ದಂಗಲ್ಲ ಅಂತ ಕಾಕಾ ಮೂರು ಸಲ ಹೇಳಿ ಕಳಿಸಿದ್ರು.

ಇಲ್ಲಿಗೆ ಬರೋರು ಡಬ್ಬಿ ಒಂದೇ ತರಬ್ಯಾಡ್ರಿ, ಅಡಾಪ್ಟರ್ ತರ್ರಿ, ಹೋಗ್ಯಾವ ಅಂತ ತಗದಿಟ್ಟ ಹಳೇ ಡಿಸ್ಕ್ ತರ್ರಿ, ಇನ್ವರ್ಟರ್ ಹಿಂದಿನ ಫೋಟೋ ಹೊಡಕೊಂಡು ಬರ್ರಿ. ಫೋನ್ ಮಾಡಿ ಕಾಯೋದಕ್ಕಿಂತ ಮುಂಜಾನೆ ಹನ್ನೊಂದರ ಮ್ಯಾಲೆ ಸೀದಾ ಹೋದ್ರ ಕಾಕಾ ಸಿಗತಾರ.